ಕಾರಿನ ಕೋಡಿಂಗ್: ಸಾಫ್ಟ್‌ವೇರ್ ಆಮೇಲೆ ನೋಡ್ರಿ, ಮೊದಲು ಕೇಬಲ್

ಸ್ಟಿಯರಿಂಗ್ ಕೆಳಗೆ ಕೈ ಹಾಕಿ ತಡವಿದರೆ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತದೆ. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಚುಚ್ಚುವುದು ಇಲ್ಲಿಯೇ. ಚಾವಿ ತಿರುಗಿಸಿದ ಕೂಡಲೇ ಮೀಟರಿನ ಮುಳ್ಳುಗಳು ತುದಿ ಮುಟ್ಟಿ ಬರಬೇಕು, ಇಂಡಿಕೇಟರ್ ಒಮ್ಮೆ ತಟ್ಟಿದರೆ 3ರ ಬದಲು 5 ಸಲ ಮಿನುಗಬೇಕು, ಗಾಡಿ ಓಡತೊಡಗಿದಾಗ ಬಾಗಿಲು ತಾನಾಗಿ ಲಾಕ್ ಆಗಬೇಕು ಎಂಬಂಥ ಬಯಕೆಗಳೆಲ್ಲ ಈಡೇರುವುದು ಇದೇ ತೂತಿನಿಂದ. ಕಾರಿನೊಳಗಿನ ಚಿಕ್ಕ ಕಂಪ್ಯೂಟರ್‌ಗಳ, ಅಂದರೆ ಮಾಡ್ಯೂಲ್‌ಗಳ ಸೆಟ್ಟಿಂಗ್ ಹೀಗೆ ಬದಲಿಸುವುದಕ್ಕೇ ಕೋಡಿಂಗ್ ಎನ್ನುತ್ತಾರೆ. ಬೆಳಗಾವಿ ಕಡೆ ಕೋಡಿಂಗ್ ಕೇಳಿ ಬರುವ ಗಾಡಿಗಳೆಂದರೆ ಮುಖ್ಯವಾಗಿ ಎರಡು ಮನೆತನದವು: ಫೋರ್ಡ್‌ನ ಫಿಗೋ, ಇಕೋಸ್ಪೋರ್ಟ್, ಎಂಡೆವರ್ ಒಂದು ಕಡೆ, ಫೋಕ್ಸ್‌ವ್ಯಾಗನ್ ಪೋಲೋ, ವೆಂಟೋ, ಸ್ಕೋಡಾ ರ‍್ಯಾಪಿಡ್, ಆಕ್ಟೇವಿಯಾ ಇನ್ನೊಂದು ಕಡೆ. ಫೋರ್ಡ್ 2021ರಲ್ಲಿ ಇಲ್ಲಿನ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು, ಪೋಲೋ 2022ರಲ್ಲಿ ನಿಂತಿತು. ಹಳೆಯ ಗಾಡಿಯನ್ನೇ ಇನ್ನಷ್ಟು ವರ್ಷ ಚೆನ್ನಾಗಿ ಇಟ್ಟುಕೊಳ್ಳುವವರಿಗೆ ಈ ವಿಮರ್ಶೆ.

ಮಾರುತಿ, ಹ್ಯುಂಡೈ, ಟಾಟಾ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಹೇಳುವ ಸಾಧನಗಳು ನಿಮ್ಮ ಗಾಡಿಯ ಎಂಜಿನ್ ದೋಷದ ಕೋಡ್ ಓದಿ ತೋರಿಸಬಹುದು, ಸೆಟ್ಟಿಂಗ್ ಬದಲಿಸಿಕೊಡುವುದಿಲ್ಲ.

ಮೊದಲು ನೀಲಿ ಡಬ್ಬಿಯ ವಿಷಯ ಮುಗಿಸೋಣ. ಆನ್‌ಲೈನಿನಲ್ಲಿ ಮುನ್ನೂರು ನಾಲ್ಕುನೂರು ರೂಪಾಯಿಗೆ ಸಿಗುವ, ಬೆಂಕಿಪೊಟ್ಟಣದಷ್ಟೇ ಇರುವ ಎಲ್ಮ್ 327 ಬ್ಲೂಟೂತ್ ಡಾಂಗಲ್, ಅಂದರೆ ಸಾಕೆಟ್‌ಗೆ ಚುಚ್ಚಿ ಫೋನಿಗೆ ಜೋಡಿಸುವ ತುಂಡು. ಎಲ್ಮ್ ಇಲೆಕ್ಟ್ರಾನಿಕ್ಸ್ ಎಂಬುದು ಕೆನಡಾದ ಕಂಪನಿ. ಅದರ ಮೊದಲ ಚಿಪ್‌ಗೆ ನಕಲು ತಡೆ ಇರಲಿಲ್ಲ, ನಕಲು ಜಗತ್ತೆಲ್ಲ ಹಬ್ಬಿತು. ಕಂಪನಿ 2022ರಲ್ಲಿ ಬಾಗಿಲು ಹಾಕಿದರೂ ಅದರ ಹೆಸರಿನ ಡಬ್ಬಿಗಳು ಇಂದಿಗೂ ಬರುತ್ತಲೇ ಇವೆ. ಡಬ್ಬಿಯ ಮೇಲೆ 1.5 ಎಂದು ಆವೃತ್ತಿ ಬರೆದಿದ್ದರೆ ನಕಲು ಎನ್ನಲು ಅದೇ ಸಾಕು: ಅಸಲಿ ಕಂಪನಿ 1.4ರ ಸಾಲಿನಿಂದ ನೇರವಾಗಿ 2.0ಕ್ಕೆ ಹೋಯಿತು. 2.1 ಎಂದು ಬರೆದ ಅಗ್ಗದ ಡಬ್ಬಿ ಇದಕ್ಕಿಂತ ಕೆಟ್ಟದ್ದು. ಆ ಆವೃತ್ತಿಗೆ ಇರಬೇಕಾದ ಹಲವು ಆದೇಶಗಳಿಗೆ ಅದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಮರಳಿಸುತ್ತದೆ.

ಓದುವುದಕ್ಕೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಓದುವುದಕ್ಕೆ ಸಾಕು, ಬರೆಯುವುದಕ್ಕೆ ಸಾಲದು. ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ತಂತಿಜೋಡಿಗೆ ಕ್ಯಾನ್ ಬಸ್ ಎನ್ನುತ್ತಾರೆ, ಅದು ಒಂದು ಸಲಕ್ಕೆ ಕಳಿಸುವ ತುಂಡಿಗೆ ಫ್ರೇಮ್. ಒಂದು ಫ್ರೇಮಿನಲ್ಲಿ 8 ಬೈಟ್ ಮಾತ್ರ ಹಿಡಿಯುತ್ತವೆ. ದೊಡ್ಡ ಸಂದೇಶವನ್ನು ತುಂಡು ಮಾಡಿ ಕಳಿಸಬೇಕು. 30 ಬೈಟಿನ ಕೋಡಿಂಗ್ ಸಾಲು ಬರೆಯುವುದಾದರೆ, ಆದೇಶದ 1 ಬೈಟ್ ಮತ್ತು ವಿಳಾಸದ 2 ಬೈಟ್ ಸೇರಿ ಒಟ್ಟು 33. ಮೊದಲ ಫ್ರೇಮಿನಲ್ಲಿ 6 ಹೋಗುತ್ತವೆ, ಉಳಿದ 27 ತಲಾ 7ರಂತೆ ಇನ್ನೂ 4 ಫ್ರೇಮಿನಲ್ಲಿ. ಈ ಐದರಲ್ಲಿ ಒಂದು ಬಿದ್ದುಹೋದರೂ ಕಾರಿನ ಮಾಡ್ಯೂಲ್ ಪೂರ್ತಿ ಸಂದೇಶವನ್ನೇ ತಳ್ಳಿಹಾಕುತ್ತದೆ. ಅಗ್ಗದ ಡಬ್ಬಿಯ ಬಫರ್ (ಸಂದೇಶವನ್ನು ತುಸು ಹೊತ್ತು ಹಿಡಿದಿಡುವ ಜಾಗ) ಚಿಕ್ಕದು, ಬ್ಲೂಟೂತ್ ಮಧ್ಯೆ ಮುಗ್ಗರಿಸುತ್ತದೆ, ಉದ್ದ ಸಂದೇಶ ಕಳಿಸುವ ಆದೇಶವೇ ಕೆಲವದರಲ್ಲಿ ಇಲ್ಲ. ಅದೃಷ್ಟ ಇದ್ದರೆ ಬರಹ ವಿಫಲವಾಗಿ ಹಳೆಯ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ಮೂರು ಸಾಲು ಹೊಸದು, ಎರಡು ಸಾಲು ಹಳೆಯದು ಆಗಿ ಮೀಟರಿನ ಮೇಲೆ ದೀಪಗಳ ಜಾತ್ರೆ.

ಇನ್ನೊಂದು ಮಾತು: ಸಾಕೆಟ್‌ನ 16ನೇ ಪಿನ್ನಿಗೆ ಚಾವಿ ತೆಗೆದರೂ ಬ್ಯಾಟರಿ ಕರೆಂಟ್ ಇರುತ್ತದೆ. ನಿದ್ದೆ ಮಾಡಲು ಬಾರದ ಡಾಂಗಲ್ 40 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಸುಮಾರು 1 ಆಂಪಿಯರ್-ಅವರ್ ಹೋಯಿತು. ಎರಡು ವಾರ ಊರಿಗೆ ಹೋಗಿ ಬಂದರೆ 35 ಆಂಪಿಯರ್-ಅವರ್‌ನ ಚಿಕ್ಕ ಬ್ಯಾಟರಿ ಸೆಲ್ಫ್ ಎತ್ತುವುದು ಕಷ್ಟ. ಕೆಲಸ ಮುಗಿದ ಮೇಲೆ ಕಿತ್ತು ಇಡಿ.

ಫೋರ್ಡ್‌ಗೆ: ಫೋರ್‌ಸ್ಕ್ಯಾನ್ ಮತ್ತು ಎರಡು ಬಸ್‌ಗಳ ಗೊಂದಲ

ಫೋರ್ಡ್ ಗಾಡಿಗಳ ದೋಷ ಓದುವ, ಸೆಟ್ಟಿಂಗ್ ಬರೆಯುವ ಸಾಫ್ಟ್‌ವೇರ್ ಫೋರ್‌ಸ್ಕ್ಯಾನ್. ಅದರ ಬಗ್ಗೆ ದೂರು ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ವಿಂಡೋಸ್ ಆವೃತ್ತಿ ಓದಲು ಉಚಿತ. ಮಾಡ್ಯೂಲ್ ಸೆಟ್ಟಿಂಗ್ ಬರೆಯಲು ಎಕ್ಸ್‌ಟೆಂಡೆಡ್ ಲೈಸೆನ್ಸ್ ಬೇಕು. ಅದನ್ನು ನಿಮ್ಮ ಲ್ಯಾಪ್‌ಟಾಪಿನ ಹಾರ್ಡ್‌ವೇರ್ ಐಡಿ ಕೊಟ್ಟು ಪಡೆಯುವುದರಿಂದ ಒಂದು ಲ್ಯಾಪ್‌ಟಾಪಿನ ಲೈಸೆನ್ಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಫೋನಿನ ಲೈಟ್ ಆವೃತ್ತಿ ದೋಷ ಓದಲು ಚೆನ್ನಾಗಿದೆ, ಕೋಡಿಂಗ್‌ಗೆ ಅದನ್ನು ನೆಚ್ಚಬೇಡಿ.

ತೊಡಕು ಇರುವುದು ಕೇಬಲ್‌ನಲ್ಲಿ. ಫೋರ್ಡ್ ಸಾಕೆಟ್‌ನಲ್ಲಿ ಎರಡು ಕ್ಯಾನ್ ಬಸ್ ಬಂದು ಸೇರುತ್ತವೆ. 6 ಮತ್ತು 14ನೇ ಪಿನ್ನಿನಲ್ಲಿ ಹೈಸ್ಪೀಡ್ ಬಸ್, ಸೆಕೆಂಡಿಗೆ 500 ಕಿಲೋಬಿಟ್: ಎಂಜಿನ್, ಎಬಿಎಸ್ ಕಡೆಯದು. 3 ಮತ್ತು 11ರಲ್ಲಿ ಮೀಡಿಯಮ್‌ಸ್ಪೀಡ್ ಬಸ್, 125 ಕಿಲೋಬಿಟ್: ಎಸಿ, ಸ್ಟೀರಿಯೋದಂಥ ಸುಖಸೌಕರ್ಯದ ಮಾಡ್ಯೂಲ್‌ಗಳು. ಸಾಮಾನ್ಯ ಎಲ್ಮ್ ಡಬ್ಬಿಗೆ 3 ಮತ್ತು 11ರಲ್ಲಿ ತಂತಿಯೇ ಇರುವುದಿಲ್ಲ. ಕಾರಿನ ಅರ್ಧ ಮನೆ ಅದರ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಮಾರುಕಟ್ಟೆಯಲ್ಲಿ ಮೂರು ಬಗೆಯ ಉತ್ತರ. ಒಂದು, ಪಕ್ಕದಲ್ಲಿ ಚಿಕ್ಕ ಸ್ವಿಚ್ ಕೂರಿಸಿದ ಯುಎಸ್‌ಬಿ ಎಲ್ಮ್ ಕೇಬಲ್. ಫೋರ್‌ಸ್ಕ್ಯಾನ್ ಕೇಳಿದಾಗ ಕೈಯಿಂದ ಸ್ವಿಚ್ ತಳ್ಳಬೇಕು. ಬೆಲೆ ಕಡಿಮೆ, ಕೆಲಸವೂ ಆಗುತ್ತದೆ, ಆದರೆ ಬೆಸುಗೆ ಸಡಿಲ ಇದ್ದರೆ ಅಥವಾ ಸ್ವಿಚ್ ತಳ್ಳುವ ಮೊದಲೇ ಓಕೆ ಒತ್ತಿದರೆ ಮಾಡ್ಯೂಲ್ ಸಿಗಲಿಲ್ಲ ಎಂಬ ಸಾಲು ಬರುತ್ತದೆ. ಕೆಟ್ಟದ್ದೆಂದರೆ 125ರ ಬಸ್ ಮೇಲೆ 500ರ ವೇಗದಲ್ಲಿ ಮಾತಾಡತೊಡಗುವುದು: ಬಸ್ ಕದಡಿ, ಸಂಪರ್ಕ ತಪ್ಪಿದೆ ಎಂಬ ಯು ಸರಣಿಯ ಕೋಡ್‌ಗಳು ಸಾಲುಗಟ್ಟುತ್ತವೆ. ಗಾಬರಿ ಬೇಡ, ಕೇಬಲ್ ಕಿತ್ತು ಚಾವಿ ತೆಗೆದು ಹಾಕಿ ಅಳಿಸಿದರೆ ಹೋಗುತ್ತವೆ.

ಎರಡು, ವಿಗೇಟ್ ಕಂಪನಿಯ ವಿಲಿಂಕರ್ ಎಫ್‌ಎಸ್ ಯುಎಸ್‌ಬಿ. ಮೂರು, ಓಬಿಡಿಲಿಂಕ್ ಇಎಕ್ಸ್. ಎರಡರಲ್ಲೂ ಬಸ್ ಬದಲಾವಣೆ ತಾನಾಗಿ ಆಗುತ್ತದೆ, ಸ್ವಿಚ್ ಗೋಜಿಲ್ಲ. ಇಎಕ್ಸ್ ಫೋರ್‌ಸ್ಕ್ಯಾನ್ ಜೊತೆಗೇ ಹೊಂದಿಸಿ ಮಾಡಿದ ಕೇಬಲ್. ಗಟ್ಟಿ, ವೇಗ, ದುಬಾರಿ. ಒಂದೇ ಮನೆಯ ಒಂದು ಇಕೋಸ್ಪೋರ್ಟ್‌ಗೆ ವಿಲಿಂಕರ್ ಎಫ್‌ಎಸ್ ಧಾರಾಳ ಸಾಕು. ದಿನವೂ ಗಾಡಿ ನೋಡುವ ಉದ್ಯಮಬಾಗದ ಗ್ಯಾರೇಜಿನವರು ಇಎಕ್ಸ್ ಕೊಂಡರೆ ರೊಕ್ಕ ಹಾಳಲ್ಲ. ಸ್ವಿಚ್ ಕೇಬಲ್ ಈಗಾಗಲೇ ಇದ್ದರೆ ಎಸೆಯಬೇಡಿ, ಇಲ್ಲದಿದ್ದರೆ ಹೊಸದಾಗಿ ಕೊಳ್ಳಬೇಡಿ.

ಬಳಸುವ ಕ್ರಮ ಹೀಗೆ. ಚಾವಿ ಆನ್, ಎಂಜಿನ್ ಆಫ್. ಫೋರ್‌ಸ್ಕ್ಯಾನ್ ಕಾರನ್ನು ಗುರುತಿಸಿ ಮಾಡ್ಯೂಲ್‌ಗಳ ಪಟ್ಟಿ ತೋರಿಸುತ್ತದೆ. ಮೊದಲ ಕೆಲಸ ದೋಷದ ಕೋಡ್‌ಗಳನ್ನೆಲ್ಲ ಓದಿ ಫೈಲ್ ಮಾಡಿ ಇಡುವುದು. ಆಮೇಲೆ ಬಂದದ್ದು ನಿಮ್ಮಿಂದ ಬಂದದ್ದೋ ಮೊದಲೇ ಇದ್ದದ್ದೋ ತಿಳಿಯಬೇಕಲ್ಲ. ನಂತರ ಚಿಪ್ ಚಿತ್ರದ ಟ್ಯಾಬ್‌ಗೆ ಹೋದರೆ ಒಂದೇ ಮಾಡ್ಯೂಲ್‌ಗೆ ಎರಡು ಸಾಲು ಕಾಣಬಹುದು: ಸರಳ ಇಂಗ್ಲಿಷಿನಲ್ಲಿ ಆಯ್ಕೆ ಕೊಡುವುದು ಒಂದು, ಆಸ್-ಬಿಲ್ಟ್, ಅಂದರೆ ಕಾರ್ಖಾನೆಯಲ್ಲಿ ಬರೆದ ಸೆಟ್ಟಿಂಗಿನ ರೂಪದ ಅಂಕಿಗಳ ಸಾಲು ಇನ್ನೊಂದು. ಸರಳ ರೂಪ ಇರುವಲ್ಲೆಲ್ಲ ಅದನ್ನೇ ಹಿಡಿಯಿರಿ. ತೆರೆದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಸೇವ್ ಆಲ್ ಒತ್ತಿ ಎಬಿಟಿ ಫೈಲ್ ಉಳಿಸಿ. ಫೈಲಿನ ಹೆಸರಿನಲ್ಲಿ ಮಾಡ್ಯೂಲ್, ತಾರೀಖು, ಗಾಡಿ ನಂಬರ್ ಮೂರೂ ಇರಲಿ. ಒಂದು ಪ್ರತಿ ಫೋನಿಗೂ ಹಾಕಿ. ಈ ಎರಡು ನಿಮಿಷ ಉಳಿಸಲು ಹೋಗಿ ಕೈಸುಟ್ಟುಕೊಳ್ಳುವವರೇ ಹೆಚ್ಚು.

ಆಸ್-ಬಿಲ್ಟ್ ಸಾಲು ನೋಡಿ ಹೆದರಬೇಕಿಲ್ಲ. 726-01-01 ಎಂದಿದ್ದರೆ 726 ಎಂಬುದು ಬಾಡಿ ಕಂಟ್ರೋಲ್ ಮಾಡ್ಯೂಲಿನ ವಿಳಾಸ. 720 ಮೀಟರ್, 7ಡಿ0 ಸಿಂಕ್ ಸ್ಟೀರಿಯೋ, 760 ಎಬಿಎಸ್, 7ಇ0 ಎಂಜಿನ್. ಸಾಲಿನ ಕೊನೆಯ ಎರಡು ಅಂಕಿ ಚೆಕ್‌ಸಮ್, ಅಂದರೆ ಉಳಿದದ್ದೆಲ್ಲ ಸರಿ ಇದೆಯೇ ಎಂಬ ತಾಳೆ ಲೆಕ್ಕ. ಬೇರೆ ಕಾರಿನ ಮಾಲೀಕರು ಹಾಕಿದ ಸಾಲನ್ನು ಇಡಿಯಾಗಿ ನಕಲು ಮಾಡಿ ಅಂಟಿಸುವುದು ಇಲ್ಲಿನ ದೊಡ್ಡ ತಪ್ಪು. ಅವರ ಗಾಡಿಯದು ಡೀಸೆಲ್, ನಿಮ್ಮದು ಪೆಟ್ರೋಲ್ ಇರಬಹುದು. ಅವರದ್ದಕ್ಕೆ 6 ಏರ್‌ಬ್ಯಾಗ್, ನಿಮ್ಮದಕ್ಕೆ 2. ಬದಲಿಸಬೇಕಾದ ಒಂದು ಅಂಕಿ ಮಾತ್ರ ಬದಲಿಸಿ. ಹೊಂದದ ಬರಹ ಹೋದರೆ ಯು2101, ಬರಹ ಅರ್ಧಕ್ಕೆ ನಿಂತರೆ ಯು2100 ಕಾಣಿಸಿಕೊಳ್ಳುತ್ತದೆ. ಎರಡಕ್ಕೂ ಮದ್ದು ಒಂದೇ: ಉಳಿಸಿಟ್ಟ ಎಬಿಟಿ ಫೈಲ್ ತೆರೆದು ಮರಳಿ ಬರೆಯುವುದು.

ಇಲ್ಲದ ಸಾಮಾನನ್ನು ಕೋಡಿಂಗ್ ತಂದುಕೊಡುವುದಿಲ್ಲ. ರಿಮೋಟ್ ಒತ್ತಿಹಿಡಿದರೆ ನಾಲ್ಕೂ ಕಿಟಕಿ ಏರಬೇಕೆಂದರೆ ನಾಲ್ಕಕ್ಕೂ ಒಂದೇ ಒತ್ತಿಗೆ ಏರುವ ಮೋಟರ್ ಇರಬೇಕು. ಡ್ರೈವರ್ ಕಿಟಕಿಗಷ್ಟೇ ಅದಿದ್ದರೆ ಅದೊಂದೇ ಏರುತ್ತದೆ. ಕ್ರೂಸ್ ಕಂಟ್ರೋಲ್‌ಗೆ ಸ್ಟಿಯರಿಂಗ್ ಮೇಲೆ ಬಟನ್ ಮತ್ತು ಅದರ ವೈರಿಂಗ್ ಮೊದಲು, ಸಾಫ್ಟ್‌ವೇರ್ ಆಮೇಲೆ. ಹೈಬೀಮ್ ಜೊತೆ ಫಾಗ್ ಲ್ಯಾಂಪ್ ಉರಿಸುವ ಸೆಟ್ಟಿಂಗಿಗೆ ಇಲ್ಲಿ ಬಹಳ ಬೇಡಿಕೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದಿನ ದೀಪವಿಲ್ಲದೆ ಓಡಾಡುವ ದಿನಗಳಲ್ಲಿ ಗೋಕಾಕ್ ರಸ್ತೆಗೆ ಅದು ಚೆಂದವೇ. ಮಳೆಗಾಲದ ಚೋರ್ಲಾ ಘಾಟಿನ ಮಂಜಿನಲ್ಲಿ ಮಾತ್ರ ಹೈಬೀಮ್ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ಅಲ್ಲಿ ಲೋಬೀಮ್ ಮತ್ತು ಫಾಗ್ ಲ್ಯಾಂಪೇ ಗತಿ, ಅದಕ್ಕೆ ಯಾವ ಕೋಡಿಂಗೂ ಬೇಡ.

ಪೋಲೋ, ವೆಂಟೋ, ಆಕ್ಟೇವಿಯಾ: ವಿಸಿಡಿಎಸ್ಸೋ ಓಬಿಡಿ ಇಲೆವೆನ್ನೋ

ವಿಸಿಡಿಎಸ್ ಫೋಕ್ಸ್‌ವ್ಯಾಗನ್ ಬಳಗದ ಗಾಡಿಗಳ ಸಾಫ್ಟ್‌ವೇರ್, ಅಮೆರಿಕದ ರಾಸ್-ಟೆಕ್ ಕಂಪನಿಯದು. ಕೇಬಲ್ ಮತ್ತು ಸಾಫ್ಟ್‌ವೇರ್ ಒಂದು ಜೋಡಿ: ಹೆಕ್ಸ್-ವಿ2 ಕೇಬಲ್ ಕೊಂಡರೆ ಸಾಫ್ಟ್‌ವೇರಿಗೆ ಬೇರೆ ರೊಕ್ಕವಿಲ್ಲ, ವರ್ಷದ ಚಂದಾ ಇಲ್ಲ, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಮನೆ ಬಳಕೆಯ ಕೇಬಲ್ 3 ಅಥವಾ 10 ಕಾರಿಗೆ ಮಿತಿ. ಕಾರಿನ ಚಾಸಿಸ್ ನಂಬರ್ ಒಮ್ಮೆ ಅದರಲ್ಲಿ ಕೂತರೆ ಅಳಿಸಲಾಗದು. ಗೆಳೆಯರ ಗಾಡಿಗೆ ಸುಮ್ಮನೆ ಚುಚ್ಚಿ ನೋಡುವ ಚಟ ಇದ್ದವರು 3ರ ಕೇಬಲ್ ಕೊಳ್ಳಬೇಡಿ. ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ.

ಇದರ ನಿಜವಾದ ಬಲ ಲೇಬಲ್ ಫೈಲ್‌ಗಳಲ್ಲಿದೆ. 09 ಬಾಡಿ ಇಲೆಕ್ಟ್ರಿಕ್ಸ್, 17 ಮೀಟರ್, 01 ಎಂಜಿನ್, 19 ಗೇಟ್‌ವೇ ಎಂದು ಮಾಡ್ಯೂಲ್‌ಗಳಿಗೆ ನಂಬರ್. 17 ತೆರೆದು ಲಾಂಗ್ ಕೋಡಿಂಗ್ ಹೆಲ್ಪರ್‌ಗೆ ಹೋದರೆ ಯಾವ ಬೈಟಿನ ಯಾವ ಬಿಟ್ ಏನು ಮಾಡುತ್ತದೆಂದು ಎದುರಿಗೇ ಬರೆದಿರುತ್ತದೆ. ಬಿಟ್ ಲೆಕ್ಕ ಒಮ್ಮೆ ಅರ್ಥವಾದರೆ ಸಾಕು. ಒಂದು ಬೈಟಿನಲ್ಲಿ 8 ಬಿಟ್. ಹೆಕ್ಸ್ ಲೆಕ್ಕದಲ್ಲಿ, ಅಂದರೆ 9 ಆದ ಮೇಲೆ ಎಯಿಂದ ಎಫ್ ಬರುವ ಎಣಿಕೆಯಲ್ಲಿ, ಬೈಟಿನ ಬೆಲೆ 2ಸಿ ಇದೆ ಎನ್ನಿ. ಬಿಡಿಸಿ ಬರೆದರೆ 0010 1100. ಎಣಿಕೆ ಬಲಗಡೆಯಿಂದ, ಸೊನ್ನೆಯಿಂದ ಶುರು. ಬಿಟ್ 4 ಹೊತ್ತಿಸಿದರೆ 0011 1100, ಅಂದರೆ 3ಸಿ. ಬಲದಿಂದ ಒಂದು ಎಂದು ಎಣಿಸತೊಡಗಿ ಪಕ್ಕದ ಬಿಟ್ ಬದಲಿಸುವವರು ಬಹಳ. ಆಮೇಲೆ ಮುಳ್ಳು ಕುಣಿಯುವ ಬದಲು ಇನ್ನೇನೋ ಕುಣಿಯುತ್ತದೆ.

ಮೊದಲು ಆಟೋ-ಸ್ಕ್ಯಾನ್ ಮಾಡಿ ಫೈಲ್ ಉಳಿಸಿ. ಹಳೆಯ ಕೋಡಿಂಗ್ ಸಾಲನ್ನು ನೋಟ್‌ಪ್ಯಾಡಿಗೆ ನಕಲಿಸಿ. ಒಂದು ಸಲಕ್ಕೆ ಒಂದೇ ಬಿಟ್. ಆಕ್ಟೇವಿಯಾದ ಮೂರನೇ ತಲೆಮಾರಿನ ಎಂಕ್ಯೂಬಿ (ಫೋಕ್ಸ್‌ವ್ಯಾಗನ್ ಬಳಗದ ಒಂದು ತಳಪಾಯ) ಗಾಡಿಯಲ್ಲಿ ದೀಪಗಳ ಸೆಟ್ಟಿಂಗ್ ಅಡಾಪ್ಟೇಶನ್ ವಿಭಾಗದಲ್ಲಿದೆ, ಹೆಸರುಗಳು ಜರ್ಮನ್‌ನಲ್ಲಿ. ಲಾಯ್ಖ್ಟ ಎಂದರೆ ದೀಪ, ಲಾಸ್ಟ್‌ಟ್ಯೂಪ್ ಎಂದರೆ ಅಲ್ಲಿ ಕೂತಿರುವ ಬಲ್ಬ್ ಯಾವ ಬಗೆಯದು ಎಂಬುದು. ನಂಬರ್ ಪ್ಲೇಟಿಗೆ ಎಲ್‌ಇಡಿ ಹಾಕಿದ ಮೇಲೆ ಬಲ್ಬ್ ಹೋಗಿದೆ ಎಂಬ ಎಚ್ಚರಿಕೆ ಬರುವುದು ಈ ಸಾಲು ಹಳೆಯದಾಗಿ ಉಳಿದದ್ದಕ್ಕೆ. ಬರೆಯುವ ಮೊದಲು ಸೆಕ್ಯುರಿಟಿ ಆಕ್ಸೆಸ್ ಕೇಳಿದರೆ 09ಕ್ಕೆ 31347. ಮೌಸ್ ಮೇಲೆ ಹಿಡಿದರೆ ಸಾಫ್ಟ್‌ವೇರೇ ಅದನ್ನು ತೋರಿಸುತ್ತದೆ. ಅಡಾಪ್ಟೇಶನ್‌ಗೆ ನೋಟ್‌ಪ್ಯಾಡ್ ಸಾಲದು. ಕಂಟ್ರೋಲರ್ ಚಾನೆಲ್ಸ್ ಮ್ಯಾಪ್ ಆಯ್ಕೆಯಿಂದ ಪೂರ್ತಿ ಪಟ್ಟಿಯನ್ನು ಸಿಎಸ್‌ವಿ ಮಾಡಿಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ನಕಲಿ ವಿಸಿಡಿಎಸ್ ಕೇಬಲ್ ಅಸಲಿಯ ಹತ್ತರಲ್ಲೊಂದು ಬೆಲೆಗೆ ಬರುತ್ತದೆ, ಜೊತೆಗೆ ಲೋಡರ್ ಎಂಬ ಕಳ್ಳದಾರಿಯ ಪ್ರೋಗ್ರಾಮ್. ಅದು ಒಂದು ಹಳೆಯ ಆವೃತ್ತಿಗೆ ಕಟ್ಟಿಹಾಕಿದ ಎತ್ತು. ಅಪ್ಪಿತಪ್ಪಿ ಅಸಲಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟರೆ ಕೇಬಲ್ ಸತ್ತಂತೆ, ಮತ್ತೆ ಬೆಸುಗೆ ಕಡ್ಡಿ ಹಿಡಿಯಬೇಕು. ಲೋಡರ್ ಓಡಿಸಲು ಆಂಟಿವೈರಸ್ ಆರಿಸಿ ಎನ್ನುತ್ತಾರೆ. ಬ್ಯಾಂಕಿನ ಕೆಲಸವನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಮಾಡುವವರು ಈ ಒಂದು ಕಾರಣಕ್ಕೇ ದೂರ ಇರಬೇಕು. ಇನ್ನು ಕೆಕೆಎಲ್ 409.1 ಎಂಬ ನೀಲಿ ಕೇಬಲ್: ಅದಕ್ಕೆ ಗೊತ್ತಿರುವುದು 7ನೇ ಪಿನ್ನಿನ ಹಳೆಯ ಕೆ-ಲೈನ್ ಮಾತ್ರ. ಕ್ಯಾನ್‌ನಲ್ಲಿ ಮಾತಾಡುವ ಪೋಲೋಗೆ ಅದು ಬರೀ ದಾರ.

ಓಬಿಡಿ ಇಲೆವೆನ್ ಲಿಥುವೇನಿಯಾದ್ದು, ಫೋನಿನಲ್ಲಿ ನಡೆಯುತ್ತದೆ. ಒನ್-ಕ್ಲಿಕ್ ಆ್ಯಪ್ ಎಂಬ ಸಿದ್ಧ ಬದಲಾವಣೆಗಳಿಗೆ ಕ್ರೆಡಿಟ್ ಕೊಳ್ಳಬೇಕು. ಕೈಯಾರೆ ಕೋಡಿಂಗ್ ಮಾಡಲು ಮೇಲಿನ ದರ್ಜೆಯ ಚಂದಾ. ಎರಡು ಮೂರು ಬದಲಾವಣೆ ಮಾಡಿ ಕೈತೊಳೆದುಕೊಳ್ಳುವವರಿಗೆ ಇದೇ ಸುಲಭ ಮತ್ತು ಸೋವಿ. ಹಿಂದಿನ ಬೆಲೆ ಏನಿತ್ತೆಂಬ ಇತಿಹಾಸವನ್ನೂ ಇಟ್ಟುಕೊಳ್ಳುತ್ತದೆ. ಆದರೆ ಎಲ್ಲಕ್ಕೂ ಇಂಟರ್‌ನೆಟ್ ಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಗಾಡಿಗೆ ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಮೇಲೆ ತಂದು ನಿಲ್ಲಿಸಿ ಶುರುಮಾಡಿ. 2020ರಿಂದೀಚೆಗೆ ಗಾಲ್ಫ್ 8ರಂಥ ಗಾಡಿಗಳಿಗೆ ಎಸ್‌ಎಫ್‌ಡಿ ಎಂಬ ಬೀಗ ಬಂದಿದೆ. ಆನ್‌ಲೈನ್ ಟೋಕನ್ ಪಡೆದು ತೆರೆದರೆ 90 ನಿಮಿಷ ಮಾತ್ರ ತೆರೆದಿರುತ್ತದೆ. ಹೊಸ ಗಾಡಿಯವರು ಸಾಧನ ಕೊಳ್ಳುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ನಮ್ಮ ಆಯ್ಕೆ: ವಾರಂಟಿ ಮುಗಿದ ಪೋಲೋವನ್ನು ಇನ್ನೂ ಐದು ವರ್ಷ ಓಡಿಸುವವರಿಗೆ ವಿಸಿಡಿಎಸ್. ಕೋಡಿಂಗ್ ಮುಗಿದ ಮೇಲೂ ಅದು ದೋಷ ಹುಡುಕಲು ದುಡಿಯುತ್ತಲೇ ಇರುತ್ತದೆ.

ಉಳಿದವು ಚುಟುಕಾಗಿ. ರೆನೋ ಡಸ್ಟರ್‌ಗೆ ಡಿಡಿಟಿ4ಆಲ್ ಎಂಬ ಮುಕ್ತ ಸಾಫ್ಟ್‌ವೇರ್ ಇದೆ. ಬಲ ಬಹಳ, ತಡೆ ಏನೂ ಇಲ್ಲ, ಹಾಗಾಗಿ ಹೊಸಬರಿಗಲ್ಲ. ಫಿಯಟ್ ಪುಂಟೋ, ಲಿನಿಯಾಕ್ಕೆ ಮಲ್ಟಿಇಸಿಯುಸ್ಕ್ಯಾನ್. ಬೇರೆ ಬೇರೆ ಮಾಡ್ಯೂಲ್‌ಗೆ ಬೇರೆ ಬಣ್ಣದ ಅಡಾಪ್ಟರ್ ತುಂಡು ಸಿಕ್ಕಿಸಬೇಕಾಗುತ್ತದೆ. ಬಿಎಂಡಬ್ಲ್ಯೂ ಎಫ್ ಸರಣಿಗೆ ಇನೆಟ್ ಕೇಬಲ್ ಮತ್ತು ಬಿಮರ್‌ಕೋಡ್ ಆ್ಯಪ್ ಚೆನ್ನಾಗಿ ಹೊಂದುತ್ತವೆ. ಹಳೆಯ ಇ ಸರಣಿಗೆ ಕೆ-ಡಿಕ್ಯಾನ್ ಕೇಬಲ್.

ಕೇಬಲ್ ಸರಿ ಇದ್ದರೂ ಕೆಡುವುದು ಎಲ್ಲಿ

ಬ್ಯಾಟರಿಯಲ್ಲಿ. ಪೂರ್ತಿ ಚಾರ್ಜ್ ಇದ್ದರೆ ಎಂಜಿನ್ ಆಫ್ ಇರುವಾಗ ಸುಮಾರು 12.6 ವೋಲ್ಟ್. ಚಾವಿ ಆನ್ ಮಾಡಿ ಅರ್ಧ ಗಂಟೆ ಮೆನು ಓದುತ್ತ ಕೂತರೆ 12ರ ಕೆಳಗೆ ಇಳಿಯುವುದು ಹಳೆಯ ಬ್ಯಾಟರಿಗೆ ದೊಡ್ಡ ಮಾತಲ್ಲ. ವೋಲ್ಟೇಜ್ ಕುಸಿದರೆ ಮಾಡ್ಯೂಲ್ ಬರಹದ ನಡುವೆ ರೀಸೆಟ್ ಆಗುತ್ತದೆ. ಹೆಡ್‌ಲೈಟ್, ಎಸಿ ಬ್ಲೋವರ್, ಸ್ಟೀರಿಯೋ ಆರಿಸಿ, 12.2ಕ್ಕಿಂತ ಕಡಿಮೆ ಕಂಡರೆ ಅಂದಿನ ಕೆಲಸ ಬಿಡಿ, ಇಲ್ಲವೇ ಚಾರ್ಜರ್ ಹಚ್ಚಿ.

ಲ್ಯಾಪ್‌ಟಾಪಿನಲ್ಲಿ ಸ್ಲೀಪ್ ಆರಿಸಿ, ವಿಂಡೋಸ್ ಅಪ್‌ಡೇಟ್ ಮುಂದೂಡಿ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಅದು ಕಾದು ತಾನಾಗಿ ಬಂದ್ ಆಗಬಹುದು. ನೆರಳಿನಲ್ಲಿ, ಬೆಳಿಗ್ಗೆ ಮಾಡಿ. ಎಫ್‌ಟಿಡಿಐ ಕಂಪನಿಯ ಯುಎಸ್‌ಬಿ ಚಿಪ್ಪಿನ ಕೇಬಲ್ ನಿಧಾನ ಅನ್ನಿಸಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗಿಗೆ ಹೋಗಿ ಲೇಟೆನ್ಸಿ ಟೈಮರ್ 16ರಿಂದ 1ಕ್ಕೆ ಇಳಿಸಿ. ಕೆ-ಡಿಕ್ಯಾನ್‌ಗಂತೂ ಇದು ಬೇಕೇ ಬೇಕು. ಇದೇ ಎಫ್‌ಟಿಡಿಐ 2014ರಲ್ಲಿ ಹೊರಬಿಟ್ಟ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೇಬಲ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡಿತ್ತು. ಚಿಪ್ಪಿನ ಹೆಸರು ಪೆಟ್ಟಿಗೆ ಮೇಲೆ ಇದ್ದ ಮಾತ್ರಕ್ಕೆ ಒಳಗೂ ಇದೆಯೆಂದಲ್ಲ.

ಮುಟ್ಟಬಾರದ್ದೂ ಇವೆ: ಏರ್‌ಬ್ಯಾಗ್, ಇಮೊಬಿಲೈಸರ್, ಓಡೋಮೀಟರ್. ಇನ್ನು ರೀಮ್ಯಾಪ್ ಎಂಬುದು ಕೋಡಿಂಗ್ ಅಲ್ಲ. ಅದು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸುವುದು. ಹೊಗೆಯ ಮಿತಿ, ಇನ್ಶೂರೆನ್ಸ್, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎಲ್ಲ ಅಲ್ಲಿ ಅಡ್ಡ ಬರುತ್ತವೆ. ಕೋಡಿಂಗ್ ಮಾಡಿಕೊಡುತ್ತೇವೆ ಎನ್ನುವ ಅಂಗಡಿಯಲ್ಲಿ ಗಾಡಿ ಬಿಡುವುದಾದರೆ ಮೊದಲು ಕೇಳಬೇಕಾದದ್ದು ದರ ಅಲ್ಲ, ಹಳೆಯ ಸೆಟ್ಟಿಂಗಿನ ಫೈಲ್ ಕೊಡುತ್ತೀರಾ ಎಂದು. ಕೊಡುವುದಿಲ್ಲ ಎಂದರೆ ಚಾವಿ ವಾಪಸ್ ಇಸಿದುಕೊಳ್ಳಿ.

ಕೇಬಲ್ ಮನೆಗೆ ಬಂದ ದಿನವೇ ಪೆಟ್ಟಿಗೆ ಹರಿಯದೆ ಬಿಚ್ಚಿ, ಏನೂ ಬರೆಯದೆ ಪರೀಕ್ಷೆ ಮಾಡಿ. ಎಲ್ಲ ಮಾಡ್ಯೂಲ್ ಪಟ್ಟಿಯಲ್ಲಿ ಬಂದವೇ, ಫೋರ್ಡ್ ಆದರೆ 3 ಮತ್ತು 11ರ ಬಸ್‌ನವೂ ಕಂಡವೇ, ಹತ್ತು ಸಲ ಸತತ ಓದಿಸಿದರೆ ಹತ್ತೂ ಸಲ ಅಷ್ಟೇ ಸಂಖ್ಯೆ ಬಂತೇ, ಓದುತ್ತಿರುವಾಗ ಪ್ಲಗ್ ಅಲುಗಾಡಿಸಿದರೆ ಸಂಪರ್ಕ ತಪ್ಪಿತೇ. ಒಂದು ಸಲ 9, ಇನ್ನೊಂದು ಸಲ 11 ಮಾಡ್ಯೂಲ್ ತೋರಿಸುವ ಕೇಬಲ್‌ನಿಂದ ಬರೆಯಲು ಹೋಗಬೇಡಿ. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಕಳಿಸಿಬಿಡಿ.